ಮಗನಿಗೆ ಬಿಟ್ಟುಹೋಗಬೇಕಾದ ಆಸ್ತಿ: ಇಚ್ಛಾಪರಿಮಾಣ

ಶ್ರೀ ವೀತರಾಗಾಯ ನಮಃ.

ಗೃಹಸ್ಥನಾದವನು ಮಕ್ಕಳಿಗಾಗಿ ಹಲವನ್ನು ಕೂಡಿಡುತ್ತಾನೆ. ಹೊಲ, ಮನೆ, ಬಂಗಾರ, ವಿದ್ಯೆ, ನಾಲ್ಕು ಜನರ ಪರಿಚಯ, ಇವೆಲ್ಲವನ್ನೂ ತನ್ನ ಶಕ್ತಿಗನುಸಾರ ಒದಗಿಸಲು ಹಗಲಿರುಳು ದುಡಿಯುತ್ತಾನೆ. ಇದರಲ್ಲಿ ದೋಷವಿಲ್ಲ, ಸಂಸಾರಸ್ಥನಿಗೆ ಇದು ಕರ್ತವ್ಯವೇ ಹೌದು. ಆದರೆ ಕೂಡಿಟ್ಟ ಹಣವನ್ನು ಹಿಡಿದುಕೊಳ್ಳುವ ಕೈಗೆ "ಇಷ್ಟು ಸಾಕು" ಎಂಬ ಮಾತನ್ನು ಕಲಿಸಿದ್ದೇನೆಯೇ ಎಂದು ತನ್ನನ್ನು ತಾನು ಕೇಳಿಕೊಳ್ಳುವ ತಂದೆ ತಾಯಿಯರು ವಿರಳ. ಗಳಿಕೆಯ ವಿದ್ಯೆಯನ್ನು ಲೋಕವೇ ಕಲಿಸುತ್ತದೆ. ಗಳಿಕೆಗೆ ಗೆರೆಯೆಳೆಯುವ ವಿದ್ಯೆಯನ್ನು ಮನೆಯೇ ಕಲಿಸಬೇಕು.

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ರತ್ನಕರಂಡಕ ಶ್ರಾವಕಾಚಾರವನ್ನು ರಚಿಸಿದ ಸಮಂತಭದ್ರಾಚಾರ್ಯರು ಇದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಈ ಎರಡನೆಯ ಹೆಸರಿನಲ್ಲಿಯೇ ವ್ರತದ ಮರ್ಮ ಅಡಗಿದೆ. ಅಳೆದು ಮಿತಿಗೊಳಿಸಬೇಕಾದದ್ದು ಮೊದಲು ವಸ್ತುವನ್ನಲ್ಲ, ಇಚ್ಛೆಯನ್ನು. ಕ್ಷೇತ್ರ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ ಮೊದಲಾದವು ಹೊರಗೆ ಇರುವ ಪರಿಗ್ರಹ. ಅವುಗಳ ಮೇಲಿನ "ನನ್ನದು, ಇನ್ನೂ ಬೇಕು" ಎಂಬ ಮೂರ್ಛೆಯು ಒಳಗಿನ ಪರಿಗ್ರಹ. ಹೊರಗಿನದಕ್ಕೆ ಬೀಗ ಹಾಕಬಹುದು; ಒಳಗಿನದಕ್ಕೆ ವ್ರತವೊಂದೇ ಬೀಗ.

ಈ ವ್ರತಕ್ಕೂ ಉಪವಾಸಕ್ಕೂ ಇರುವ ಸಂಬಂಧವನ್ನು ಎಲ್ಲರೂ ಗಮನಿಸುವುದಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವ ಶ್ರಾವಕನ ಮನೆಯಲ್ಲಿ ಅಂದು ಅನ್ನಕ್ಕೆ ಕೊರತೆಯಿರುವುದಿಲ್ಲ. ಕಣಜದಲ್ಲಿ ಜೋಳವಿದೆ, ಒಲೆಯಿದೆ, ಮಾಡಿ ಬಡಿಸುವವರಿದ್ದಾರೆ. ಇದ್ದರೂ ಅವನು ಕೈ ಚಾಚುವುದಿಲ್ಲ. ಇರುವಾಗಲೇ "ಸಾಕು" ಎನ್ನುವ ಅಭ್ಯಾಸವದು. ಅನ್ನದ ಮುಂದೆ ಆ ಮಾತನ್ನು ಕಲಿತ ನಾಲಗೆಯು ಹಣದ ಮುಂದೆಯೂ ಅದನ್ನು ಆಡಬೇಕೆಂಬುದೇ ಉಪವಾಸದ ಗುರಿ. ಅನ್ನವನ್ನು ಬಿಟ್ಟು ಲೋಭವನ್ನು ಉಣ್ಣುತ್ತ ಕುಳಿತರೆ ಅದು ಲಂಘನವಾದೀತೇ ಹೊರತು ಉಪವಾಸವಾಗದು.

ಈ ತತ್ತ್ವವು ಮನೆಯೊಳಗೆ ಹೇಗೆ ಪರೀಕ್ಷೆಗೊಳಗಾಗುತ್ತದೆಂಬುದಕ್ಕೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯಲ್ಲಿ ಯಾಪಲದಿನ್ನಿ ಎಂಬ ಊರಿದೆ. ಸುತ್ತಲಿನದು ಹತ್ತಿ ಬೆಳೆಯುವ ನಾಡು. ಮಳೆಗಾಲದಲ್ಲಿ ರೈತನ ಕೈಯಲ್ಲಿ ಹಣವಿರುವುದಿಲ್ಲ. ಹತ್ತಿ ಬಿಡಿಸಿ ಮಾರಿದ ಮೇಲೆಯೇ ರೊಕ್ಕದ ಮುಖ ಕಾಣುವುದು. ಅಲ್ಲಿಯವರೆಗೆ ಉಪ್ಪು, ಎಣ್ಣೆ, ಬೇಳೆ ಎಲ್ಲವೂ ಉದ್ರಿ. ಅಂತಹ ಊರಿನಲ್ಲಿ ಕಿರಾಣಿ ಅಂಗಡಿಯಿಟ್ಟ ಒಬ್ಬ ಶ್ರಾವಕ, ಅವನ ಪತ್ನಿ, ಹದಿನಾರು ವರ್ಷದ ಮಗ ಇರುವರೆಂದು ಭಾವಿಸಲಿ. ಮಗನು ಕಾಲೇಜು ಮುಗಿಸಿ ಬಂದು ಸಂಜೆ ಅಂಗಡಿಯಲ್ಲಿ ಕುಳಿತುಕೊಳ್ಳುವನು. ಉದ್ರಿ ಪುಸ್ತಕವನ್ನು ಬರೆಯುವನು. ಅಕ್ಷರ ದುಂಡಗೆ, ಲೆಕ್ಕ ಚುರುಕು. ತಂದೆಗೆ ಅದೇ ಹೆಮ್ಮೆ.

ಭಾದ್ರಪದ ಮಾಸ, ದಶಲಕ್ಷಣ ಪರ್ವ ನಡೆದಿತ್ತು. ಶುಕ್ಲ ಪಂಚಮಿಯಿಂದ ಎಣಿಸಿದರೆ ಸಪ್ತಮಿಯು ಮೂರನೆಯ ದಿನ, ಉತ್ತಮ ಆರ್ಜವದ ದಿನ. ಮರುದಿನದ ಉಪವಾಸಕ್ಕೆ ಧಾರಣೆಯೆಂದು ತಂದೆಯು ಒಂದೇ ಹೊತ್ತು ಉಂಡು ಅಂಗಡಿಯಲ್ಲಿದ್ದನು. ಆಗ ವಯಸ್ಸಾದ ರೈತನೊಬ್ಬ ಬಂದು, "ಸಾಹುಕಾರರೇ, ನನ್ನ ಬಾಕಿ ಎಷ್ಟಾಯಿತು ಹೇಳಿರಿ" ಎಂದನು. ಪುಸ್ತಕ ತೆರೆದರೆ 25,000 ರೂಪಾಯಿ. ತಂದೆಯ ನೆನಪಿನಲ್ಲಿ ಅಷ್ಟಿರಲಿಲ್ಲ. ಪುಟವನ್ನು ಮೇಲಿನಿಂದ ನೋಡುತ್ತ ಬಂದನು. ಕೈಗಡವೆಂದು ಮೂರು ಕಡೆ ಬರೆದಿತ್ತು: 1,900, 2,300, 2,200. ಮೂರೂ ಮಗನ ದುಂಡಗಿನ ಅಕ್ಷರ. "ನೀವು ಈ ನಡುವೆ ಕೈಗಡ ಒಯ್ದದ್ದುಂಟೆ?" ಎಂದು ಕೇಳಿದಾಗ ಆ ರೈತನು ಕ್ಷಣಕಾಲ ಯೋಚಿಸಿ, "ನನಗೆ ನೆನಪಿಲ್ಲ. ನನಗೆ ಓದು ಬಾರದು. ನಿಮ್ಮ ಪುಸ್ತಕದಲ್ಲಿದ್ದರೆ ಒಯ್ದಿರಬೇಕು" ಎಂದನು.

ಸಾವಿರ ಸಾಕ್ಷಿಗಳಿಗಿಂತ ಭಾರವಾದ ಮಾತದು. ತನ್ನ ನೆನಪಿಗಿಂತ ಇನ್ನೊಬ್ಬನ ಪುಸ್ತಕವನ್ನು ಹೆಚ್ಚು ನಂಬುವವನು ಮುಂದೆ ನಿಂತಾಗ ವ್ಯಾಪಾರಿಯ ಧರ್ಮವೆಲ್ಲವೂ ಆ ಒಂದು ಪುಟದಲ್ಲಿ ಬಂದು ನಿಲ್ಲುತ್ತದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಹೆಸರಿಸಿ ಹೇಳಿದೆ. ಅಲ್ಲಿಯೇ ನ್ಯಾಸಾಪಹಾರವನ್ನೂ ಹೇಳಿದೆ. ಇಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳಿದರೆ, ಇಟ್ಟುಕೊಂಡವನು ಸುಮ್ಮನೆ "ಹೌದು" ಎಂದು ಉಳಿದುದನ್ನು ನುಂಗುವುದು ನ್ಯಾಸಾಪಹಾರ. ಬಾಯಿಂದ ಒಂದು ಸುಳ್ಳನ್ನೂ ಆಡದೆ ಮಾಡಬಹುದಾದ ಸುಳ್ಳು ಅದು. ಇನ್ನೊಬ್ಬನ ಮರೆವು ತನ್ನ ಲಾಭವಾಗುವ ಕಡೆಯಲ್ಲಿ ಶ್ರಾವಕನು ಎರಡು ಪಟ್ಟು ಎಚ್ಚರವಾಗಿರಬೇಕೆಂಬುದು ಆಚಾರ್ಯರ ಅಭಿಪ್ರಾಯ.

ತಂದೆಯು ಪುಸ್ತಕವನ್ನು ಮುಚ್ಚಿ, "ಅಣ್ಣಾ, ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಪುಸ್ತಕದಲ್ಲಿ ತಪ್ಪಿದೆ. ನಾಡಿದ್ದು ಸರಿಯಾದ ಲೆಕ್ಕವು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ" ಎಂದನು. ಕೇಳಿದ ಸಾಮಾನನ್ನು ಕಟ್ಟಿಕೊಟ್ಟು ಕಳುಹಿಸಿದನು. ಆ ರಾತ್ರಿ ಮಗನಿಗೆ ಏನನ್ನೂ ಹೇಳಲಿಲ್ಲ. ಮಗನು ಪುಸ್ತಕವು ತನ್ನ ಸ್ಥಳದಲ್ಲಿ ಇಲ್ಲದುದನ್ನು ಕಂಡನು. ಅವನಿಗೂ ನಿದ್ರೆ ಬರಲಿಲ್ಲ.

ಮರುದಿನ ಅಷ್ಟಮಿ. ಸೂತ್ರದ ಕ್ರಮದಲ್ಲಿ ನಾಲ್ಕನೆಯದಾದ ಉತ್ತಮ ಶೌಚದ ದಿನ. ಶೌಚವೆಂದರೆ ಮೈ ತೊಳೆಯುವುದಲ್ಲ, ಲೋಭವನ್ನು ತೊಳೆಯುವುದು. ತಂದೆಯು ಅಂಗಡಿಯ ಬಾಗಿಲನ್ನು ಮುಚ್ಚಿ ಆರಂಭವನ್ನೆಲ್ಲ ತ್ಯಜಿಸಿ ಉಪವಾಸದಲ್ಲಿದ್ದನು. ತಾಯಿಯು ಮಗನನ್ನು ಉಣ್ಣಲು ಕರೆದಳು. ಮಗನು, "ಅವ್ವಾ, ನಾನೂ ಇಂದು ಉಪವಾಸ ಮಾಡುತ್ತೇನೆ" ಎಂದು ಎದ್ದುಹೋದನು. ತಾಯಿಗೆ ಸಂತೋಷವಾಯಿತು, ತಂದೆಗೆ ಕಾರಣ ತಿಳಿಯಿತು.

ಸಂಜೆಯ ಸಾಮಾಯಿಕ ಮುಗಿದ ಮೇಲೆ ಮಗನೇ ಬಂದು ಎದುರು ಕುಳಿತನು. ತಡೆತಡೆದು ಎಲ್ಲವನ್ನೂ ಹೇಳಿದನು. ಗೆಳೆಯನೊಬ್ಬ ಫೋನಿನಲ್ಲಿ ಹಣ ಕಟ್ಟಿ ಆಡುವ ಆಟದಿಂದ ಒಂದೇ ರಾತ್ರಿಯಲ್ಲಿ ಮೂರು ಸಾವಿರ ಗೆದ್ದುದನ್ನು ತೋರಿಸಿದ್ದನು. ಇವನೂ ಐವತ್ತು ರೂಪಾಯಿಯಿಂದ ಆರಂಭಿಸಿ ಮೊದಲು ಗೆದ್ದನು, ಆಮೇಲೆ ಸೋತನು. ಸೋತದ್ದನ್ನು ತಿರುಗಿ ಪಡೆಯಲು ಮತ್ತೆ ಕಟ್ಟಿದನು. ಅಂಗಡಿಯ ಹಣದಲ್ಲಿ 6,400 ಹೋಯಿತು. ಕೊರತೆಯನ್ನು ಮುಚ್ಚಲು ಓದು ಬಾರದವನ ಪುಟವನ್ನು ಆರಿಸಿಕೊಂಡನು. "ಅಪ್ಪಾ, ಅದಕ್ಕಾಗಿಯೇ ಇಂದು ಉಪವಾಸ ಮಾಡಿದ್ದೇನೆ. ಬೇಕಾದರೆ ನಾಳೆಯೂ ಮಾಡುತ್ತೇನೆ" ಎಂದು ಅತ್ತನು.

ತಂದೆಯು ಗದರಿಸಲಿಲ್ಲ. "ತಮ್ಮಾ, ನಿನ್ನ ಹಸಿವೆಯಿಂದ ಆ ರೈತನ ಸಾಲ ಒಂದು ರೂಪಾಯಿಯಷ್ಟೂ ತಗ್ಗುವುದಿಲ್ಲ. ಉಪವಾಸವು ತಪ್ಪಿಗೆ ತೆರುವ ದಂಡವಲ್ಲ. ಕೆಡುಕು ಮಾಡಿ ಉಪವಾಸವಿದ್ದರೆ ಸರಿಹೋಗುವುದಾದರೆ ಶ್ರೀಮಂತರೆಲ್ಲರೂ ತಿಂಗಳಿಗೆ ಎರಡು ಸಲ ಉಪವಾಸ ಮಾಡಿ ಉಳಿದ ದಿನ ಊರನ್ನು ದೋಚಬಹುದಿತ್ತು. ಕೆಡುಕಿನ ಕಡೆಗೆ ಹೋಗುವ ಕೈಯನ್ನು ಮೊದಲೇ ಹಿಡಿಯಲೆಂದು ಉಪವಾಸವಿದೆ. ನಾಳೆ ಪಾರಣೆ ಮಾಡು, ಆಮೇಲೆ ಮಾಡಬೇಕಾದ ಕೆಲಸ ಬೇರೆ ಇದೆ" ಎಂದನು.

ಬಳಿಕ ಆ ತಂದೆಯು ಮಗನಿಗೆ ಹೇಳಿದ ಮಾತುಗಳು ಪ್ರತಿಯೊಂದು ಮನೆಯಲ್ಲಿಯೂ ಹೇಳತಕ್ಕವು.

ಮೊದಲನೆಯದು ಆಟದ ವಿಷಯ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೇ ಇಟ್ಟಿದ್ದಾರೆ. ಉಳಿದ ವ್ಯಸನಗಳಿಗೆ ಅದು ಬಾಗಿಲು. ಪಗಡೆಯ ಹಲಗೆಯು ಈಗ ಅಂಗೈಯಲ್ಲಿ ಹಿಡಿಯುವ ಗಾಜಾಗಿದೆ, ಅಷ್ಟೇ. 2025ರಲ್ಲಿ ಸಂಸತ್ತು ಹಣವನ್ನು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆಯು ಬಾಗಿಲನ್ನು ಮುಚ್ಚಿದರೂ ಆಸೆಯು ಕಿಂಡಿಯನ್ನು ಹುಡುಕುತ್ತದೆ. "ನೀನು ಸೋತದ್ದು ಆಟದಲ್ಲಿ ಅಲ್ಲ. ಗೆಳೆಯನ ಮೂರು ಸಾವಿರವನ್ನು ಕಂಡು ಬೆರಗಾದೆಯಲ್ಲ, ಆಗಲೇ ಸೋತೆ" ಎಂದು ತಂದೆಯು ಹೇಳಿದನು. ಸಮಂತಭದ್ರರು ಪರಿಗ್ರಹ ಪರಿಮಾಣದ ಐದು ಅತಿಚಾರಗಳಲ್ಲಿ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರಿಗೆ ಬಂದ ಹೆಚ್ಚಿನ ಲಾಭಕ್ಕೆ ಬೆರಗಾಗಿ, ತನಗದು ಬರಲಿಲ್ಲವಲ್ಲಾ ಎಂದು ಕುದಿಯುವುದೇ ವಿಸ್ಮಯ. ಕಳವು, ಸುಳ್ಳು ಎಲ್ಲವೂ ಆಮೇಲೆ ಬರುವವು. ಮೊದಲು ಬರುವುದು ಈ ಬೆರಗು.

ಅದೇ ಗ್ರಂಥದ ಪರಂಪರೆಯಲ್ಲಿ ಲುಬ್ಧದತ್ತನ ಕಥೆಯುಂಟು. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ಕಂಡು, ಇದನ್ನೇ ಕೂಡಿಟ್ಟು ವ್ಯಾಪಾರ ಮಾಡಬಹುದಲ್ಲಾ ಎಂದು ಅವನು ದಿನದಿನವೂ ಹನಿಹನಿ ಕೂಡಿಸಿದನು. ಅದರಿಂದಲೇ ಅವನಿಗೆ ಶ್ಮಶ್ರುನವನೀತನೆಂಬ ಹೆಸರು. ಮಾಘದ ಚಳಿಯಲ್ಲಿ ಹುಲ್ಲಿನ ಗುಡಿಸಲಿನೊಳಗೆ ಬೆಂಕಿಯ ಬಳಿ, ತುಪ್ಪದ ಗಡಿಗೆಯ ಹತ್ತಿರ ಮಲಗಿ, ಆ ತುಪ್ಪದಿಂದ ಸರಕು, ಸರಕಿನಿಂದ ಐಶ್ವರ್ಯ, ಐಶ್ವರ್ಯದಿಂದ ಅರಸುತನ, ಅರಮನೆಯಲ್ಲಿ ಕಾಲೊತ್ತುವ ರಾಣಿ ಎಂದು ಕನಸನ್ನು ಹೆಣೆದನು. ಕಾಲೊತ್ತಲು ಬಾರದೆಂದು ಆ ಕಲ್ಪನೆಯ ರಾಣಿಯನ್ನು ಒದೆಯಹೋಗಿ ನಿಜವಾದ ಗಡಿಗೆಯನ್ನು ಒದೆದನು. ತುಪ್ಪವು ಬೆಂಕಿಗೆ ಬಿತ್ತು, ಗುಡಿಸಲು ಹೊತ್ತಿತು, ಅವನೂ ಬೆಂದುಹೋದನು. ಹನಿಗೂಡಿಸುವುದು ತಪ್ಪಾಗಿರಲಿಲ್ಲ. ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಮೊದಲು ಗೊತ್ತುಮಾಡದಿದ್ದುದೇ ತಪ್ಪು.

ಎರಡನೆಯ ಮಾತು ನಂಬಿಕೆಯದು. ಸಿಂಹಪುರದ ಪುರೋಹಿತ ಶ್ರೀಭೂತಿಯು ಸುಳ್ಳಾಡಿದರೆ ನಾಲಗೆ ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಚಾಕು ಕಟ್ಟಿಕೊಂಡು ತಿರುಗುತ್ತಿದ್ದನು. ಜನರು ಅವನನ್ನು ಸತ್ಯಘೋಷನೆಂದೇ ಕರೆದು ತಮ್ಮ ಒಡವೆಗಳನ್ನು ಅವನಲ್ಲಿಡುತ್ತಿದ್ದರು. ಸಮುದ್ರದತ್ತನೆಂಬ ವರ್ತಕನು ಇಟ್ಟ ಐದು ರತ್ನಗಳನ್ನು ಅವನು ನುಂಗಿಕೊಂಡು, ಕೇಳಲು ಬಂದವನನ್ನು ಹುಚ್ಚನೆಂದನು. ರಾಣಿ ರಾಮದತ್ತೆಯ ಜಾಣ್ಮೆಯಿಂದ ಸತ್ಯವು ಹೊರಬಿತ್ತು. ಸತ್ತ ಮೇಲೆ ಅವನು ಅರಸನ ಭಂಡಾರದಲ್ಲಿಯೇ ಹಾವಾಗಿ ಹುಟ್ಟಿದನೆಂದು ಕಥೆ ಹೇಳುತ್ತದೆ. ಹಣದ ನಡುವೆ ಇದ್ದೂ ಅದನ್ನು ಉಣ್ಣಲಾರದ, ಉಡಲಾರದ, ಕೊಡಲಾರದ ಜನ್ಮವದು. "ಆ ರೈತನ ಪುಟದಲ್ಲಿ ನೀನು ಬರೆದದ್ದು 6,400 ರೂಪಾಯಿ ಅಲ್ಲ, ತಮ್ಮಾ. ನಮ್ಮ ಅಜ್ಜನ ಕಾಲದಿಂದ ಈ ಅಂಗಡಿಗೆ ಬಂದ ಹೆಸರನ್ನು ಅಳಿಸಿ ಅದರ ಮೇಲೆ ಬರೆದೆ" ಎಂದು ತಂದೆಯು ಹೇಳಿದನು.

ಇದೇ ಜಿಲ್ಲೆಯ ಹಟ್ಟಿಯಲ್ಲಿ ಬಂಗಾರದ ಗಣಿಯಿದೆ. ಭೂಮಿಯ ಆಳಕ್ಕಿಳಿದು ಕಲ್ಲನ್ನು ಒಡೆದು ಮೇಲೆ ತಂದು ಪುಡಿಮಾಡುತ್ತಾರೆ. ಒಂದು ಟನ್ನು ಅದಿರನ್ನು ಅರೆದರೆ ದೊರೆಯುವ ಬಂಗಾರ ಕೆಲವೇ ಗ್ರಾಂ. ವ್ಯಾಪಾರಿಯ ಮೇಲೆ ಜನರಿಡುವ ನಂಬಿಕೆಯೂ ಹೀಗೆಯೇ ದೊರೆಯುವುದು. ಸಾವಿರಾರು ದಿನಗಳ ಸರಿಯಾದ ತೂಕ, ಸರಿಯಾದ ಅಳತೆ, ಸರಿಯಾದ ಬರಹ ಇವುಗಳನ್ನೆಲ್ಲ ಅರೆದ ಮೇಲೆ ಒಂದು ಚಿಟಿಕೆ ನಂಬಿಕೆ ಕೈಗೆ ಬರುತ್ತದೆ. ಅದನ್ನು ಕಳೆದುಕೊಳ್ಳಲು ಮೂರು ಸಾಲು ಸಾಕು.

ಇಷ್ಟನ್ನು ಕೇಳಿ ಮಗನು, "ಹಾಗಾದರೆ ಹಣವೇ ಕೆಟ್ಟದ್ದೇ, ಅಪ್ಪಾ?" ಎಂದನು. ಹದಿನಾರರ ಮನಸ್ಸು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುವುದು ಸಹಜ. ಹಣವು ಕೆಟ್ಟದ್ದೆಂದು ಜಿನಧರ್ಮವು ಗೃಹಸ್ಥನಿಗೆ ಹೇಳಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಸಾಗಾರಧರ್ಮಾಮೃತವನ್ನು ರಚಿಸಿದ ಪಂಡಿತ ಆಶಾಧರರು ಶ್ರಾವಕನಾಗಲು ಯೋಗ್ಯನಾದವನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಹಣ ಗಳಿಸುವುದನ್ನೇ ಮೊದಲು ಹೇಳಿದರು. ಕನ್ನಡನಾಡಿನ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಹಣವಿಲ್ಲದೆ ಇದು ಆಗುತ್ತಿತ್ತೇ? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಹಲವಕ್ಕೆ ಹಣವೇ ಸಾಧನ. ಆದ್ದರಿಂದ ಹಣದ ಬಗೆಗೆ ಮೂರು ಪ್ರಶ್ನೆಗಳು: ಹೇಗೆ ಬಂತು, ಎಷ್ಟಕ್ಕೆ ನಿಲ್ಲುವುದು, ಯಾವ ಕಡೆಗೆ ಹರಿಯುವುದು. ಮೊದಲನೆಯದಕ್ಕೆ ನ್ಯಾಯ, ಎರಡನೆಯದಕ್ಕೆ ಪರಿಮಾಣ, ಮೂರನೆಯದಕ್ಕೆ ದಾನ ಉತ್ತರ. ಮೂರರಲ್ಲಿ ನಡುವಿನದು ತಪ್ಪಿದರೆ ಉಳಿದ ಎರಡೂ ನಿಲ್ಲವು. ಮಿತಿಯಿಲ್ಲದವನು ನ್ಯಾಯವನ್ನು ಬಹಳ ದಿನ ಹಿಡಿಯಲಾರ. ಕೊಡುವ ದಿನವನ್ನು ನಾಳೆಗೆ ತಳ್ಳುತ್ತಲೇ ಇರುವನು.

ಆಗ ತಂದೆಯು ತನ್ನ ಹಳೆಯ ಪುಸ್ತಕವೊಂದನ್ನು ತಂದು ಕೊನೆಯ ಪುಟವನ್ನು ತೆರೆದು ತೋರಿಸಿದನು. ಮದುವೆಯಾದ ವರ್ಷ ಅವನು ಬರೆದುಕೊಂಡಿದ್ದ ಪರಿಮಾಣವು ಅಲ್ಲಿತ್ತು: ಇಷ್ಟು ಎಕರೆ ಹೊಲ, ಒಂದು ಮನೆ, ಇಷ್ಟು ತೊಲ ಬಂಗಾರ, ಕೈಯಲ್ಲಿ ಇಷ್ಟು ಹಣ, ಹೆಚ್ಚಾದದ್ದು ದಾನಕ್ಕೆ. ಕೆಳಗೆ ಒಂದು ಸಾಲನ್ನು ಹೊಡೆದುಹಾಕಿ ಮತ್ತೆ ಮೊದಲಿನಂತೆಯೇ ಬರೆದಿತ್ತು. "ಹತ್ತಿಗೆ ಬೆಲೆ ಬಂದ ಒಂದು ವರ್ಷ ನನ್ನ ಮನಸ್ಸೂ ಗೆರೆಯನ್ನು ದಾಟಲು ಹೊರಟಿತ್ತು. ಅಂಕಿಯನ್ನು ತಿದ್ದಿದೆ. ಹದಿನೈದು ದಿನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ತಿರುಗಿ ಮೊದಲಿನ ಅಂಕಿಯನ್ನೇ ಬರೆದೆ. ನನ್ನ ತಪ್ಪು ಇನ್ನೊಂದಿದೆ. ಈ ಪುಟವನ್ನು ನಿನಗೆ ಇದುವರೆಗೆ ತೋರಿಸಲಿಲ್ಲ. ಗಲ್ಲಾದಲ್ಲಿ ಹಣ ಎಣಿಸುವುದನ್ನು ಮಾತ್ರ ಕಲಿಸಿದೆ, ಎಣಿಕೆ ಎಲ್ಲಿ ನಿಲ್ಲಬೇಕೆಂಬುದನ್ನು ಕಲಿಸಲಿಲ್ಲ" ಎಂದನು. ಮಗನು ತಲೆಯೆತ್ತಿ ತಂದೆಯ ಮುಖವನ್ನು ನೋಡಿದ್ದು ಆಗಲೇ.

ಮಗನಿಗೆ ಏನು ನೇಮ ಕೊಡಬೇಕು? ಯಾವಜ್ಜೀವವಾಗಿ ಹಿಡಿಯುವುದು ಯಮ, ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮವೆಂದು ರತ್ನಕರಂಡಕವು ವಿಂಗಡಿಸಿದೆ. ಎಳೆಯ ಹೆಗಲಿಗೆ ಯಮದ ಭಾರವನ್ನು ಹೊರಿಸಿ ಮುರಿಯುವುದಕ್ಕಿಂತ ನಿಯಮವನ್ನು ಕೊಟ್ಟು ನಿಲ್ಲಿಸುವುದು ಮೇಲು. ಮುಂದಿನ ದಶಲಕ್ಷಣದವರೆಗೆ ಪಣವಿಟ್ಟ ಯಾವ ಆಟವನ್ನೂ ಆಡಕೂಡದು. ತನ್ನ ಕೈಖರ್ಚನ್ನು ದಿನವೂ ಬರೆಯಬೇಕು. ಅಂಗಡಿಯ ಹಣ ಫೋನಿನಲ್ಲಿ ಅವನ ಕೈಗೆ ಇರಕೂಡದು. ಕಳೆದ 6,400 ರೂಪಾಯಿಯನ್ನು ತಂದೆಯು ಮನ್ನಿಸಲಿಲ್ಲ. ಭಾನುವಾರಗಳಂದು ಚೀಲ ಹೊತ್ತು, ಸಾಮಾನು ತೂಗಿ, ವಾರಕ್ಕೆ 200 ರೂಪಾಯಿಯಂತೆ ತೀರಿಸಬೇಕೆಂದನು. 32 ವಾರಗಳಾಗುತ್ತವೆ. ಒಂದು ರಾತ್ರಿಯ ಆಟಕ್ಕೆ ಬೆವರಿನ ಅಳತೆ ಎಷ್ಟೆಂದು ಮೈಗೆ ತಿಳಿಯಬೇಕಾದರೆ ಅಷ್ಟು ವಾರ ಬೇಕು.

ನವಮಿಯು ಉತ್ತಮ ಸತ್ಯದ ದಿನ. ಪಾರಣೆಯಾದ ಮೇಲೆ ತಂದೆಯು ಪುಸ್ತಕವನ್ನು ಮಗನ ಕೈಗೆ ಕೊಟ್ಟು, ತಾನು ಹಿಂದೆ ನಡೆದನು. ರೈತನ ಮನೆಯ ಕಟ್ಟೆಯ ಮೇಲೆ ಕುಳಿತು ಮಗನು, "ಕಾಕಾ, ಈ ಮೂರು ಸಾಲು ಸುಳ್ಳು. ನಾನೇ ಬರೆದದ್ದು. ನಿಮ್ಮ ಬಾಕಿ 18,600" ಎಂದನು. ರೈತನು ಸಿಟ್ಟಾಗಲಿಲ್ಲ, ಹೊಗಳಲೂ ಇಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೊದಲಿನ ಪುಟದಿಂದ ಎಲ್ಲವನ್ನೂ ಓದಿ ಹೇಳು" ಎಂದನು. ಮಗನು ಓದಿದನು. ಉಪ್ಪು, ಎಣ್ಣೆ, ಬೇಳೆ, ಬೆಲ್ಲ, ಒಂದೊಂದನ್ನೂ ಓದಿದನು. ಮುಗಿದಾಗ ರೈತನು, "ಇನ್ನು ಮೇಲೆ ಬರೆಯುವಾಗ ನನ್ನ ಮೊಮ್ಮಗಳು ಬಂದು ನೋಡುತ್ತಾಳೆ. ಅವಳಿಗೆ ಓದು ಬರುತ್ತದೆ" ಎಂದನು.

ದಾರಿಯಲ್ಲಿ ಮಗನು, "ಅವರು ಇನ್ನು ನಮ್ಮನ್ನು ನಂಬುವುದಿಲ್ಲವೇ, ಅಪ್ಪಾ?" ಎಂದು ಕೇಳಿದನು. "ನಂಬಬಾರದು. ನೋಡಿಯೇ ನಂಬಲಿ. ಆ ಹುಡುಗಿ ಬಂದಾಗ ಪುಸ್ತಕವನ್ನು ನೀನೇ ಅವಳ ಕಡೆಗೆ ತಿರುಗಿಸಿ ಇಡು" ಎಂದು ತಂದೆಯು ಹೇಳಿದನು. ಕ್ಷಮೆಯನ್ನು ಬೇಡುವುದು ಸುಲಭ. ಪರೀಕ್ಷೆಗೆ ಒಡ್ಡಿಕೊಂಡು ಬಾಳುವುದು ಪ್ರಾಯಶ್ಚಿತ್ತದ ಕಠಿಣ ಭಾಗ.

ಶ್ರಾವಕ ಬಂಧುಗಳು ಈ ದೃಷ್ಟಾಂತವನ್ನು ಪರರ ಮನೆಯದೆಂದು ತಿಳಿಯಬಾರದು. ಪರ್ವದ ದಿನಗಳಲ್ಲಿ ಮಕ್ಕಳು ಉಪವಾಸ ಮಾಡಿದರೆ ಹಿರಿಯರು ಹಿಗ್ಗುತ್ತಾರೆ, ಹಿಗ್ಗತಕ್ಕದ್ದೇ. ಆದರೆ ಅದರೊಡನೆ ಇನ್ನೊಂದು ಕೆಲಸವೂ ಆಗಲಿ. ಪ್ರತಿಯೊಬ್ಬ ಗೃಹಸ್ಥನೂ ತನ್ನ ಪರಿಮಾಣವನ್ನು ಬರೆದಿಡಲಿ. ಬರೆದುದನ್ನು ಮಕ್ಕಳಿಗೆ ಓದಿ ಹೇಳಲಿ. ಗೆರೆಯನ್ನು ದಾಟಲು ಮನಸ್ಸು ಹವಣಿಸಿದ ದಿನವನ್ನೂ ಮರೆಮಾಚದೆ ಹೇಳಲಿ. ತಂದೆಯ ಗೆಲವಿಗಿಂತ ತಂದೆಯು ತನ್ನನ್ನು ತಿದ್ದಿಕೊಂಡ ಬಗೆಯು ಮಗನಿಗೆ ಹೆಚ್ಚು ದಿನ ನೆನಪಿರುವುದು. ಹಣ ಬಂದ ಮೇಲೆ ಮಿತಿಯನ್ನು ಯೋಚಿಸುವವನು ಹಣಕ್ಕೆ ತಕ್ಕಂತೆ ಮಿತಿಯನ್ನು ಬೆಳೆಸುತ್ತ ಹೋಗುವನು. ಬರುವ ಮೊದಲೇ ಗೆರೆಯೆಳೆದವನಿಗೆ ಹಣ ಬಂದಾಗ ಹಬ್ಬ, ಬಾರದಾಗ ನೆಮ್ಮದಿ.

ಹೊಲವು ಪಾಲಾಗುತ್ತದೆ, ಬಂಗಾರವು ಕೈಬದಲಾಗುತ್ತದೆ. "ಸಾಕು" ಎಂಬ ಮಾತನ್ನು ಮಕ್ಕಳಿಗೆ ಪಾಲುಹಾಕಿ ಕೊಟ್ಟರೆ ಒಬ್ಬೊಬ್ಬರಿಗೂ ಅದು ಪೂರ್ತಿಯಾಗಿಯೇ ಸಿಗುತ್ತದೆ. ಮುಂದಿನ ಅಷ್ಟಮಿಯ ಉಪವಾಸದಲ್ಲಿ ಪ್ರತಿಯೊಂದು ಮನೆಯೂ ಆ ಆಸ್ತಿಯನ್ನು ನೆನೆಯಲಿ.

ಸರ್ವರಿಗೂ ಸದ್ಧರ್ಮವೃದ್ಧಿಯಾಗಲಿ.